ಸ್ಕಾಟ್ಲೆಂಡಿಗೆ ಮುನ್ನ ಔರಾದಿನಲ್ಲೊಂದು ತಾಲೀಮು

ಮೂಲತಃ ಬೀದರ್ ಜಿಲ್ಲೆಯವರಾಗಿ, ಸದ್ಯ ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿ ಫ್ಲ್ಯಾಟ್ ಹಿಡಿದು, ಬರುವ ಬೇಸಿಗೆಗೆ ಸ್ಕಾಟ್ಲೆಂಡಿನ ಹಳ್ಳಿಗಾಡಿಗೆ ಹೊರಟಿರುವ ಸಮಸ್ತ ಅಣ್ಣತಮ್ಮಂದಿರ ಮಕ್ಕಳಿಗೆ, ಸೊಸೆಯಂದಿರಿಗೆ, ಮೊಮ್ಮಕ್ಕಳಿಗೆ ಔರಾದ್ ತಾಲೂಕಿನಿಂದ ನಿಮ್ಮ ಕಾಕಾ ಮಾಡುವ ಶರಣು ಶರಣಾರ್ಥಿ.

ನಿಮ್ಮ ಪ್ರವಾಸದ ಸುದ್ದಿ ಔರಾದಿನ ಬಸ್ ಸ್ಟ್ಯಾಂಡಿನ ತನಕ ಮುಟ್ಟಿದೆ. ಸಂತೋಷ. ಎಡಿನ್‌ಬರೋ ನಗರ ಬರೀ ಹಾದುಹೋಗಲಿಕ್ಕೆ, ಉಳಿದದ್ದೆಲ್ಲ ಹಳ್ಳಿ ಎಂದು ಕೇಳಿದೆ. ಕಲ್ಲಿನ ಹಳೇ ಮನೆ ಇರಬೇಕು, ಸುತ್ತ ದನ ಕುರಿ ಮೇಯುತ್ತಿರಬೇಕು, ನಸುಕಿನಲ್ಲಿ ಕೋಳಿ ಕೂಗಬೇಕು, ಮೊಬೈಲಿಗೆ ಸಿಗ್ನಲ್ ಸಿಗಲೇಬಾರದು. ಮನೆಯ ಗ್ರೂಪಿನಲ್ಲಿ ನೀವು ಹಾಕಿದ ಈ ಪಟ್ಟಿಯನ್ನು ಮೊಮ್ಮಗ ಓದಿ ಹೇಳಿದಾಗ ನಿಮ್ಮ ಕಾಕುಗೆ ಒಂದಿಷ್ಟೂ ಅನುಮಾನ ಬರಲಿಲ್ಲ. "ನಮ್ಮ ಮನಿಗೇ ಬರಾಕತ್ತಾರ" ಎಂದು ಕೌದಿ ಹಾಸಿಗೆಗಳನ್ನೆಲ್ಲ ಬಿಸಿಲಿಗೆ ಹಾಕಿದಳು. ಪಟ್ಟಿಯ ಕೊನೆಗೆ ಬಾಡಿಗೆ ಪೌಂಡಿನಲ್ಲಿದೆ ಎಂದು ತಿಳಿದ ಮೇಲೆ ಮಡಚಿ ಒಳಗಿಟ್ಟಳು.

ಹೋಗಬೇಡಿ ಎನ್ನುವ ಹಿರಿಯ ನಾನಲ್ಲ. ಹೋಗಿರಿ. ಆದರೆ ಪೈಲವಾನನೂ ಕಣಕ್ಕಿಳಿಯುವ ಮುಂಚೆ ಗರಡಿಯಲ್ಲಿ ಸಾಮು ಮಾಡುತ್ತಾನೆ. ಫ್ಲ್ಯಾಟಿನಲ್ಲಿ ಬೆಳೆದ ಮಕ್ಕಳನ್ನು ಏಕ್‌ದಂ ಹಳ್ಳಿಗೆ ನೂಕಿದರೆ, ಅದೂ ಪರದೇಶದ ಹಳ್ಳಿಗೆ, ಅವು ತಡೆಯಲಾರವು. ಆದ್ದರಿಂದ ಮೊದಲು ಇಲ್ಲಿ ಬಂದು ಒಂದು ತಾಲೀಮು ಮಾಡಿಕೊಂಡು ಹೋಗಬೇಕೆಂದು ನನ್ನ ವಿನಂತಿ. ಬರುವ ದಾರಿಯಿಂದಲೇ ತಾಲೀಮು ಶುರು. ಬೆಂಗಳೂರಿನಿಂದ ಬೀದರಿಗೆ 2020ರ ಫೆಬ್ರವರಿಯಲ್ಲಿ ವಿಮಾನ ಶುರುವಾಗಿ, ನಿಂತು, ಮತ್ತೆ ಶುರುವಾಗಿ, ಮತ್ತೆ ನಿಂತು, ಮತ್ತೆ ಶುರುವಾಗಿದೆ. ಸ್ಕಾಟ್ಲೆಂಡಿನ ಹವಾಮಾನ ಗಳಿಗೆಗೊಮ್ಮೆ ಬದಲಾಗುತ್ತದೆಂದು ಹೆದರಿದವರಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಸಿಗಲಾರದು.

ನೀವು ಅಲ್ಲಿ ನೋಡುವುದು ಮುಖ್ಯವಾಗಿ ಬಿದ್ದ ಗೋಡೆಗಳನ್ನು. ಚೀಟಿ ತೆಗೆಸಿ, ಕಿವಿಗೆ ಯಂತ್ರ ಸಿಕ್ಕಿಸಿಕೊಂಡು, ಯಾರು ಯಾರನ್ನು ಎಲ್ಲಿ ಕೊಂದರು ಎಂದು ಕೇಳುತ್ತ ತಲೆದೂಗಬೇಕು. ಬೀದರ್ ಕೋಟೆಯಲ್ಲಿ ಇದರ ರೂಢಿ ಮಾಡಿಕೊಳ್ಳಬಹುದು. ಬಹಮನಿ ಅಹ್ಮದ್ ಶಾ ಕಲಬುರಗಿಯಿಂದ ರಾಜಧಾನಿ ಎತ್ತಿಕೊಂಡು ಇಲ್ಲಿಗೆ ಬಂದದ್ದು 15ನೇ ಶತಮಾನದಲ್ಲಿ. ಕೆಂಪು ಜಂಬಿಟ್ಟಿಗೆಯ ಬಂಡೆಯನ್ನೇ ಕಡಿದು ಒಂದರ ಹಿಂದೊಂದು ಮೂರು ಕಂದಕ ತೋಡಿಸಿದ್ದಾರೆ. ರಂಗೀನ್ ಮಹಲಿನಲ್ಲಿ ಕರಿಕಲ್ಲಿನೊಳಗೆ ಕಪ್ಪೆಚಿಪ್ಪಿನ ಹೊಳಪು ಕೂಡಿಸಿದ ಕೈಗಳು ಯಾರವೋ. ಕೊಲೆಗೂ ಬರವಿಲ್ಲ. ಇರಾನಿನ ಗಿಲಾನಿನಿಂದ ವ್ಯಾಪಾರಕ್ಕೆಂದು ಬಂದ ಮಹಮೂದ್ ಗವಾನ್ ಈ ರಾಜ್ಯದ ವಜೀರನಾದ, 1472ರಲ್ಲಿ ಮೂರಂತಸ್ತಿನ ಮದರಸಾ ಕಟ್ಟಿಸಿದ, ಬಣ್ಣದ ಹೆಂಚು ಹೊದಿಸಿದ. ಆಗದವರು ಅವನ ಹೆಸರಿನಲ್ಲಿ ಒಂದು ಸುಳ್ಳು ಪತ್ರ ಹುಟ್ಟಿಸಿ ಸುಲ್ತಾನನ ಕೈಗಿಟ್ಟರು. 1481ರಲ್ಲಿ ಗವಾನನ ತಲೆ ಹೋಯಿತು. ಸ್ಕಾಟ್ಲೆಂಡಿನಲ್ಲಿ ನಿಮಗೆ ರಾಣಿ ಮೇರಿಯ ಕಥೆ ಹೇಳುತ್ತಾರೆ. ಅಲ್ಲಿಯೂ ಪತ್ರಗಳ ತಕರಾರು, ಅವು ಖರೆಯೋ ಖೋಟಾವೋ ಎಂದು ಇನ್ನೂ ಜಗಳವಾಡುತ್ತಾರೆ. ಆಕೆಯ ತಲೆ ಹೋದದ್ದು 1587ರಲ್ಲಿ. ಅಂದರೆ ಈ ಬಾಬತ್ತಿನಲ್ಲಿ ನಮ್ಮ ಜಿಲ್ಲೆ 106 ವರ್ಷ ಮುಂದಿತ್ತು. ಹಿಂದುಳಿದ ಜಿಲ್ಲೆ ಎಂದು ಬರೆಯುವವರು ಇದನ್ನೂ ಲೆಕ್ಕಕ್ಕೆ ಹಿಡಿಯಲಿ.

ಮದರಸಾದ ಒಂದು ಮಗ್ಗುಲು ಔರಂಗಜೇಬನ ಕಾಲದಲ್ಲಿ ಸ್ಫೋಟಕ್ಕೆ ಹಾರಿಹೋಯಿತು, ಒಂದೇ ಮಿನಾರು ಉಳಿದಿದೆ. ಅಷ್ಟೂರಿನಲ್ಲಿ ಹುಮಾಯೂನ್ ಬಹಮನಿಯ ಗೋರಿಗೆ ಸಿಡಿಲು ಬಡಿದು, ಗುಮ್ಮಟ ಅರ್ಧಕ್ಕೆ ಸೀಳಿ, ಒಳಗಿನ ಇಟ್ಟಿಗೆಯ ಒಡಲು ಕಾಣುತ್ತದೆ. ಆ ಗೋರಿ ಸ್ಕೈ ದ್ವೀಪದಲ್ಲಿದ್ದಿದ್ದರೆ ನೀವು ಫೋಟೊ ಹಿಡಿಯಲು ಮಳೆಯಲ್ಲಿ ಪಾಳಿ ಹಚ್ಚಿ ನಿಲ್ಲುತ್ತಿದ್ದಿರಿ. ನಮ್ಮಲ್ಲಿ ಪಾಳಿಯೂ ಇಲ್ಲ, ಮಳೆಯೂ ಇಲ್ಲ, ಅದೊಂದು ಕೊರತೆ.

ಒದ್ದೆಯಾಗುವ ಅಭ್ಯಾಸಕ್ಕೆ ನರಸಿಂಹ ಝರಣಿ ಇದೆ. ಗುಹೆಯೊಳಗೆ ಎದೆಮಟ್ಟದ ನೀರಿನಲ್ಲಿ ನಡೆದು ದೇವರನ್ನು ಮುಟ್ಟಬೇಕು, ತಲೆಯ ಮೇಲೆ ಬಾವಲಿ. ಅಲ್ಲಿಂದ ಚಳಿಯಲ್ಲಿ ನಡುಗುತ್ತ ಗುರುನಾನಕ್ ಝೀರಾಕ್ಕೆ ಹೋದರೆ ಲಂಗರಿನಲ್ಲಿ ಬಿಸಿ ದಾಲ್ ರೋಟಿ. ಬಿಲ್ ಕೇಳಬೇಡಿ, ನಗುತ್ತಾರೆ.

ಸರೋವರವೂ ಬೇಕಲ್ಲ. ಸ್ಕಾಟ್ಲೆಂಡಿನ ಲಾಖ್ ನೆಸ್ ಎಂಬ ಕೆರೆಯಲ್ಲಿ ಒಂದು ಭೂತದಂಥ ಪ್ರಾಣಿ ಇದೆಯೆಂದು 1933ರಿಂದ ಪತ್ರಿಕೆಗಳು ಬರೆಯುತ್ತ ಬಂದಿವೆ. ಎಲ್ಲರೂ ಅದರ ಬಗ್ಗೆ ಕೇಳಿದ್ದಾರೆ, ಕೈಗೆ ಸಿಕ್ಕದ್ದನ್ನು ಕಂಡವರಿಲ್ಲ. ಭಾಲ್ಕಿ ತಾಲೂಕಿನ ಬ್ಯಾಲಹಳ್ಳಿಯಲ್ಲಿ ಕಾರಂಜಾ ಜಲಾಶಯದ ದಂಡೆಗೆ ಮಕ್ಕಳನ್ನು ನಿಲ್ಲಿಸಿ ಇದನ್ನು ತಿಳಿಸಿ ಹೇಳಬಹುದು. ಇಲ್ಲಿಯ ಪ್ರಾಣಿಯ ಹೆಸರು ಪರಿಹಾರ. ನೀರಿನಡಿ ಹೊಲ ಕಳೆದುಕೊಂಡವರು ನ್ಯಾಯವಾದ ದರ ಕೊಡಿರೆಂದು ದಶಕಗಳಿಂದ ಧರಣಿ ಕೂತು ಕೂತು ಹಣ್ಣಾಗಿದ್ದಾರೆ. ಚುನಾವಣೆ ಹತ್ತಿರ ಬಂದಾಗ ಪ್ರಾಣಿ ಕತ್ತು ಮೇಲೆತ್ತುತ್ತದೆ, ಮತ್ತೆ ಮುಳುಗುತ್ತದೆ. ಸ್ಕಾಟ್ಲೆಂಡಿನವರು ತಮ್ಮ ಪ್ರಾಣಿಯ ಹೆಸರಿನಲ್ಲಿ ಗೊಂಬೆ ಮಾಡಿ ಮಾರುತ್ತಾರೆ. ನಮ್ಮವರಿಗೆ ಆ ಬುದ್ಧಿ ಇನ್ನೂ ಹೊಳೆದಿಲ್ಲ.

ಅಲ್ಲಿಯ ರೈಲ್ವೆ ಸ್ಟೇಷನ್ನುಗಳಲ್ಲಿ ಇಂಗ್ಲಿಷಿನ ಜೊತೆ ಗೇಲಿಕ್ ಭಾಷೆಯ ಬೋರ್ಡು ಕಾಣುತ್ತದೆ. ಮಕ್ಕಳು ಇದೇನೆಂದು ಕೇಳುತ್ತವೆ. 1872ರ ಶಿಕ್ಷಣ ಕಾಯ್ದೆಯಲ್ಲಿ ಗೇಲಿಕ್‌ಗೆ ಜಾಗವೇ ಇರಲಿಲ್ಲ, ಶಾಲೆಗಳಲ್ಲಿ ಅದು ಸೊರಗಿತು, ಈಗ ಬೋರ್ಡಿನಲ್ಲಿ ಮರಳಿ ತಂದಿದ್ದಾರೆ ಎಂದು ಗೂಗಲ್ ನಿಮಗೆ ಹೇಳಿಕೊಡುತ್ತದೆ. ಅದನ್ನು ಕೇಳಿ ನೀವು ಕಣ್ಣು ಒದ್ದೆ ಮಾಡಿಕೊಳ್ಳುವ ಮುಂಚೆ ಭಾಲ್ಕಿಯ ಹಿರೇಮಠಕ್ಕೊಮ್ಮೆ ಹೋಗಿಬನ್ನಿ. ನಿಜಾಮನ ರಾಜ್ಯದಲ್ಲಿ ಕನ್ನಡ ಕಲಿಸುವುದು ಸಲೀಸಾಗಿರದಿದ್ದಾಗ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಪಾಠ ನಡೆಸಿದರು. ನಿಮ್ಮ ಅಪ್ಪಂದಿರು ಅಕ್ಷರ ಕಂಡದ್ದು ಹಾಗೆ ಉಳಿದ ಕನ್ನಡದಲ್ಲಿ. ಈಗ ನಿಮ್ಮ ಮನೆಗಳಲ್ಲಿ ಹೊರಗಿನ ಬೋರ್ಡು ಮಾತ್ರ ಕನ್ನಡದ್ದಿದೆ, ಅದೂ ಗೃಹಪ್ರವೇಶಕ್ಕೆ ಬರೆಸಿದ್ದು. ಒಳಗಿನ ಪಾಠ ಬೇರೆ. ಈ ಪತ್ರವನ್ನೂ ಮಕ್ಕಳಿಗೆ ನೀವೇ ಓದಿ ಹೇಳಬೇಕಾಗಬಹುದು, ಕೆಲವು ಸಾಲು ಬಿಟ್ಟು ಓದಿರಿ.

ಕಣ್ಣಿನ ಮೇಲೆ ಕೂದಲು ಇಳಿಬಿಟ್ಟ ಹೈಲ್ಯಾಂಡ್ ದನದ ಫೋಟೊ ನೋಡಿ ಮೊಮ್ಮಗಳು ಮುದ್ದಾಡಬೇಕು ಎಂದಳಂತೆ. ಔರಾದ್ ಸೀಮೆಯ ದೇವಣಿ ಎತ್ತಿಗೆ ಅಷ್ಟು ಕೂದಲಿಲ್ಲ, ಬಿಳಿ ಮೈಮೇಲೆ ಕರಿ ಮಚ್ಚೆ ಅದಾವ. ಹಾಯುವುದೂ ಉಂಟು. ಇಕ್ಕಟ್ಟು ರಸ್ತೆಯಲ್ಲಿ ಎದುರಿನ ಗಾಡಿಗೆ ದಾರಿ ಬಿಟ್ಟು ಕೈ ಬೀಸುವ ರಿವಾಜು ಅಲ್ಲಿದೆ ಎಂದು ನೀವು ಬರೆದಿದ್ದಿರಿ. ನಮ್ಮ ಔರಾದ್ ರಸ್ತೆಯಲ್ಲಿಯೂ ಕೈ ಬೀಸುತ್ತಾರೆ, ಅರ್ಥ ಮಾತ್ರ ಮಕ್ಕಳಿಗೆ ಹೇಳಬೇಡಿ.

ಇನ್ನು ಮುಖ್ಯ ಮಾತು. ತಾಲೀಮಿಗೆ ಯಾವ ದಿನ ಬರಬೇಕೆಂದರೆ, ಎಳ್ಳಮಾವಾಸ್ಯೆಗೆ. ಡಿಸೆಂಬರಿನಲ್ಲೋ ಜನವರಿಯಲ್ಲೋ ಬೀಳುತ್ತದೆ. ಆ ಹೊತ್ತಿಗೆ ಸ್ಕಾಟ್ಲೆಂಡಿನಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಕತ್ತಲು, ಹೇಗೂ ನೀವು ಹೋಗುವುದಿಲ್ಲ. ಅಂದು ಬೀದರ್ ಪೇಟೆಯ ಅಂಗಡಿಗಳ ಬಾಗಿಲು ಹಾಕಿರುತ್ತದೆ, ರಸ್ತೆ ಭಣಗುಡುತ್ತದೆ, ಊರಿಗೆ ಊರೇ ಹೊಲದಲ್ಲಿ. ಜೋಳದ ದಂಟಿನ ಕೊಂಪಿ ಕಟ್ಟಿ, ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ, ಪೈರಿನ ಸಾಲಿನಲ್ಲಿ ಚರಗ ಚೆಲ್ಲಿ, ಆಮೇಲೆ ಉಣ್ಣಲು ಕೂಡುವುದು. ಭಜ್ಜಿ ಎಂದರೆ ನಿಮ್ಮ ಬೆಂಗಳೂರಿನ ಎಣ್ಣೆಯಲ್ಲಿ ಕರಿದ ಬಜ್ಜಿಯಲ್ಲ. ಹಸಿ ತೊಗರಿ, ಅವರೆ, ಬಟಾಣಿ, ಸುಲಗಾಯಿ, ಹೊಲದ ಬದುವಿನಲ್ಲಿ ಕಂಡ ಸೊಪ್ಪುಗಳೆಲ್ಲ ಸೇರಿ, ಕಡಲೆಹಿಟ್ಟು ಹುಳಿಯೊಂದಿಗೆ ಕುದ್ದು ದಪ್ಪಗಾದದ್ದು. ಮೇಲೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ಮಣ್ಣಿನ ಗಡಿಗೆಯಲ್ಲಿ ಅಂಬಲಿ. ಸ್ಕಾಟ್ಲೆಂಡಿನವರು ಓಟ್ಸ್ ಗಂಜಿಯನ್ನು ತಮ್ಮ ಜನಾಂಗದ ಬೆನ್ನೆಲುಬು ಎಂಬಂತೆ ಬಡಿಸುತ್ತಾರೆ, ನೀವು ಚಮಚ ನೆಕ್ಕುತ್ತೀರಿ. ಅಂಬಲಿ ಎಂದರೆ ಮಾತ್ರ ನಿಮಗೆ ಹೊಟ್ಟೆ ಕೆಡುತ್ತದೆ.

ಗಡಿಯಾಚೆಯ ಉದಗೀರ, ನಿಲಂಗಾ ಕಡೆಯೂ ಅಂದು ಇದೇ ಊಟ, ಮರಾಠಿಯಲ್ಲಿ ವೇಳ ಅಮಾವಾಸ್ಯೆ ಎನ್ನುತ್ತಾರೆ. 1956ರ ನವೆಂಬರ್ 1ರ ತನಕ ಅವೂ ಬೀದರ್ ಜಿಲ್ಲೆಯವೇ. ರಾಜ್ಯ ಒಡೆದರು, ಭಜ್ಜಿಯ ಗಡಿಗೆ ಒಡೆಯಲಿಲ್ಲ.

ಸ್ಕಾಟ್ಲೆಂಡಿನ ಒಂದು ಕಾಯ್ದೆಯನ್ನು ನೀವು ಗ್ರೂಪಿನಲ್ಲಿ ಬಹಳ ಹೊಗಳಿದಿರಿ. 2003ರ ಭೂಸುಧಾರಣಾ ಕಾಯ್ದೆಯಂತೆ, ಬೆಳೆಗೂ ಮನೆಯಂಗಳಕ್ಕೂ ತೊಂದರೆ ಮಾಡದೆ ಯಾರು ಬೇಕಾದರೂ ಯಾರ ಜಮೀನಿನಲ್ಲಾದರೂ ನಡೆದಾಡಬಹುದಂತೆ. ಒಳ್ಳೆಯ ಕಾಯ್ದೆ. ಎಳ್ಳಮಾವಾಸ್ಯೆಯ ದಿನ ನಮ್ಮಲ್ಲಿ ಗುರುತಿಲ್ಲದವನು ಹೊಲದ ದಾರಿ ಹಿಡಿದು ಹೋದರೂ ಕರೆದು ಕೂಡಿಸಿ ಉಣಿಸುತ್ತಾರೆ. ಯಾವ ಜಾತಿ, ಯಾವ ಧರ್ಮ ಎಂದು ಆ ಒಂದು ದಿನವಾದರೂ ಕೇಳುವುದು ಕಡಿಮೆ. ನಡೆದಾಡುವ ಹಕ್ಕಿಗೆ ಅಲ್ಲಿ ಪಾರ್ಲಿಮೆಂಟು ಬೇಕಾಯಿತು. ಊಟದ ಹಕ್ಕಿಗೆ ಇಲ್ಲಿ ಕಾಯ್ದೆಯ ಹಂಗಿಲ್ಲ. ಆದರೆ ಅಂದು ನಿಮ್ಮ ಆಫೀಸಿಗೆ ರಜೆ ಇರುವುದಿಲ್ಲವಲ್ಲ, ಅದು ನನಗೆ ಗೊತ್ತು. ಪ್ರತಿವರ್ಷವೂ ಗೊತ್ತಾಗುತ್ತದೆ.

ಸ್ಕಾಟ್ಲೆಂಡಿನವರು ನಮ್ಮ ಕಡೆ ಬಂದಾಗ ರಜೆ ಹಾಕಿ ಬಂದಿರಲಿಲ್ಲ. ಲೂಯಿಸ್ ದ್ವೀಪದ ಕಾಲಿನ್ ಮೆಕೆಂಜಿ 1783ರಲ್ಲಿ ಹಡಗು ಹತ್ತಿ ಬಂದವನು ನಿಜಾಮನ ಸೀಮೆ ಅಳೆದ, ಮೈಸೂರು ಸೀಮೆ ಅಳೆದ, ಶಾಸನ ಕೈಫಿಯತ್ತುಗಳನ್ನು ರಾಶಿ ಹಾಕಿದ, 1815ರಲ್ಲಿ ಇಡೀ ಭಾರತದ ಮೊದಲ ಸರ್ವೇಯರ್ ಜನರಲ್ ಆದ, 1821ರಲ್ಲಿ ಇಲ್ಲೇ ತೀರಿಕೊಂಡ. ತನ್ನ ದ್ವೀಪಕ್ಕೆ ಮರಳಿ ಹೋಗಲೇ ಇಲ್ಲ. ಈಗ ಬ್ರಿಟಿಷ್ ವಿಸಾದವರು ನಿಮ್ಮನ್ನು "ನೀವು ನಿಮ್ಮೂರಿಗೆ ಮರಳುತ್ತೀರೆಂದು ಏನು ಖಾತ್ರಿ?" ಎಂದು ಕೇಳುತ್ತಾರಲ್ಲ, ಅವರಿಗೆ ತಮ್ಮವರ ಅನುಭವವಿದೆ.

ಆ ಖಾತ್ರಿಗೆಂದು ನೀವು ಏನು ಲಗತ್ತಿಸುತ್ತಿದ್ದೀರಿ ಎಂಬುದೂ ನನಗೆ ತಿಳಿಯಿತು. ಔರಾದ್ ತಾಲೂಕಿನ ಹೊಲದ ಪಹಣಿ! ಮುತ್ಯಾ ಮಾಡಿಟ್ಟ ಹೊಲ. ಹಿಂದೆ ಪಹಣಿ ಬೇಕೆಂದರೆ ತಹಸೀಲಿಗಾದರೂ ಬರಬೇಕಿತ್ತು, ಬಂದವರು ಒಂದು ಹೊತ್ತು ಮನೆಯಲ್ಲಿ ಉಣ್ಣುತ್ತಿದ್ದರು. ಭೂಮಿ ತಂತ್ರಾಂಶ ಬಂದ ಮೇಲೆ ಅದೂ ತಪ್ಪಿತು, ಕೂತಲ್ಲೇ ಪ್ರಿಂಟ್. ಈ ಕುಟುಂಬಕ್ಕೆ ಭಾರತದೊಡನೆ ಗಟ್ಟಿ ನಂಟಿದೆ, ತಪ್ಪದೆ ಮರಳುತ್ತಾರೆ ಎಂದು ಆ ಹೊಲ ಇಂಗ್ಲಿಷರ ಮುಂದೆ ಸಾಕ್ಷಿ ಹೇಳಬೇಕು. ಹೊಲಕ್ಕೆ ಮಾತು ಬಂದಿದ್ದರೆ ನಿಮ್ಮ ವಿಸಾದ ಗತಿ ಏನಾಗುತ್ತಿತ್ತೋ. ಅದು ಪ್ರತಿವರ್ಷ ಅಮಾವಾಸ್ಯೆಗೆ ನಿಮ್ಮ ದಾರಿ ನೋಡಿದೆ.

ಕಾಗದ ಲಗತ್ತಿಸುವ ಮುಂಚೆ ಒಮ್ಮೆ ಪೂರಾ ಓದಿರಿ. ಒಂಬತ್ತನೇ ಕಾಲಂನಲ್ಲಿ ಮಾಲೀಕರೆಂದು ನಿಮ್ಮ ಹೆಸರುಗಳೆಲ್ಲ ಜಂಟಿಯಾಗಿ ಅದಾವ. ಹನ್ನೆರಡನೇ ಕಾಲಂ ಸಾಗುವಳಿದಾರನದು. ಅದನ್ನೂ ಓದಿರಿ.

ಕೊನೆಗೊಂದು ವ್ಯವಹಾರದ ಮಾತು. ಪರದೇಶದ ಊಟ ಒಗ್ಗಲಿಕ್ಕಿಲ್ಲ, ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಬಸ್ಸಿಗೆ ಹಾಕಿ ಕಳಿಸಿರೆಂದು ಕಾಕುಗೆ ಫೋನ್ ಮಾಡಿದ್ದೀರಿ. ಸಿಗ್ನಲ್ ಸಿಗದ ಹಳ್ಳಿ ಹುಡುಕುವವರಿಗೆ ನಮ್ಮ ಹಳ್ಳಿಗೆ ಫೋನ್ ಹತ್ತಿದ್ದು ನೋಡಿ ಬೇಜಾರಾಗಿರಬೇಕು. ರೊಟ್ಟಿ ಬಡಿಯಲು ಅವಳು ತಯಾರಿದ್ದಾಳೆ. ಬಸ್ಸಿಗೆ ಹಾಕಲು ನಾನು ತಯಾರಿಲ್ಲ. ಅಮಾವಾಸ್ಯೆಯ ದಿನ ಹೊಲದಲ್ಲಿ, ಕೊಂಪಿಯ ಮುಂದೆ, ಕೈಯಲ್ಲಿ ಕೊಡಲಾಗುವುದು. ಖಡಕ್ ರೊಟ್ಟಿ ತಿಂಗಳುಗಟ್ಟಲೆ ಕೆಡುವುದಿಲ್ಲ, ಬೇಸಿಗೆಯಲ್ಲಿ ಯಾವ ದ್ವೀಪದಲ್ಲಿ ಬೇಕಾದರೂ ಮುರಿದು ತಿನ್ನಿ. ತುಪ್ಪವನ್ನು ಮಾತ್ರ ಆ ದೇಶದೊಳಗೆ ಬಿಡುವುದಿಲ್ಲ, ಹಾಲಿನ ಪದಾರ್ಥಕ್ಕೆ ಅಲ್ಲಿ ನಿರ್ಬಂಧವಿದೆ. ಅದನ್ನು ಇಲ್ಲೇ ತಿಂದು ಹೋಗಬೇಕಾಗುತ್ತದೆ.

ಇಂತಿ ನಿಮ್ಮ,
ಹನ್ನೆರಡನೇ ಕಾಲಂನ ಕಾಕಾ