ಬೊಗಳಿದ ನಾಯಿ, ಮಲಗಿದ ಯಜಮಾನ

ಅಮೆರಿಕದ ಟಾರ್ಗೆಟ್ ಎಂಬ ಅಂಗಡಿಸಾಲು 2013ರಲ್ಲಿ ಒಂದು ಕಾವಲು ನಾಯಿ ಸಾಕಿತು. ಬೆಲೆ 16 ಲಕ್ಷ ಡಾಲರ್, ಜಾತಿ ಫೈರ್‌ಐ. ನೆಟ್‌ವರ್ಕಿನೊಳಗೆ ಸದ್ದಿಲ್ಲದೆ ನುಸುಳುವ ಮಾಲ್‌ವೇರಿನ ವಾಸನೆ ಹಿಡಿಯುವುದೇ ಅದರ ಉದ್ಯೋಗ. ಅದು ಬೊಗಳಿದರೆ ಹಗಲೂ ರಾತ್ರಿ ಕೇಳಿಸಿಕೊಳ್ಳಲೆಂದು ನಮ್ಮ ಬೆಂಗಳೂರಿನಲ್ಲಿ ಒಂದು ತಂಡವನ್ನೂ ಕೂರಿಸಿದರು.

ಏಸಿ, ಫ್ರಿಜ್ಜು ನೋಡಿಕೊಳ್ಳುವ ಗುತ್ತಿಗೆದಾರರ ಪಾಸ್‌ವರ್ಡ್ ಕದ್ದು ಕಳ್ಳರು ಒಳಹೊಕ್ಕರು. ನವೆಂಬರ್ 30ಕ್ಕೆ ನಾಯಿ ಬೊಗಳಿತು. ಬೆಂಗಳೂರಿನ ನಮ್ಮವರು ಕೇಳಿಸಿಕೊಂಡು ಮಿನಿಯಾಪೊಲಿಸ್‌ನ ದೊಡ್ಡಮನೆಗೆ ತಿಳಿಸಿದರು. ಡಿಸೆಂಬರ್ 2ಕ್ಕೆ ಮತ್ತೆ ಬೊಗಳಿತು. ದೊಡ್ಡಮನೆಯವರು ಪರಿಶೀಲಿಸಿ, ಈಗಲೇ ಏಳುವಂಥದ್ದೇನಿಲ್ಲ ಎಂದು ಮಗ್ಗುಲು ಬದಲಿಸಿದರು. 4 ಕೋಟಿ ಕಾರ್ಡುಗಳ ವಿವರ ಹೊಸ್ತಿಲು ದಾಟಿತು. ಕೊನೆಗೆ ಯಜಮಾನರನ್ನು ತಟ್ಟಿ ಎಬ್ಬಿಸಿದ್ದು ಅಮೆರಿಕ ಸರ್ಕಾರ. ಕಳ್ಳನನ್ನು ತಾನೇ ಕಚ್ಚುವ ವಿದ್ಯೆಯೂ ಆ ನಾಯಿಗಿತ್ತಂತೆ. ಮಾಲ್‌ವೇರನ್ನು ತಾನಾಗಿ ಅಳಿಸುವ ಆ ಸೌಲಭ್ಯವನ್ನು ಮುಂಚೆಯೇ ಆಫ್ ಮಾಡಿಟ್ಟಿದ್ದರೆಂದು ಪತ್ರಿಕೆಗಳು ಬರೆದವು.

ಜನರ ಸಾಲದ ಜಾತಕ ಬರೆಯುವ ಎಕ್ವಿಫ್ಯಾಕ್ಸ್ ಇನ್ನೂ ಒಂದು ಕೈ ಮೇಲು. ಗೂಢಲಿಪಿಯಲ್ಲಿ ಸಾಗುವ ಡೇಟಾವನ್ನು ಬಿಚ್ಚಿ ನೋಡುವ ಯಂತ್ರ ಅಲ್ಲಿತ್ತು, ಅದರ ಸರ್ಟಿಫಿಕೇಟಿನ ಅವಧಿ ಮಾತ್ರ ಮುಗಿದಿತ್ತು. ಕಾವಲುಗಾರ ಕಣ್ಣಿಗೆ ಪೊರೆ ಬಂದು ತಿಂಗಳುಗಟ್ಟಲೆ ಬಾಗಿಲಲ್ಲೇ ಕೂತಿದ್ದ. 2017ರ ಜುಲೈ ಕೊನೆಗೆ ಹೊಸ ಸರ್ಟಿಫಿಕೇಟ್ ಹಾಕಿದ್ದೇ ತಡ, ಕಳ್ಳರು ಎದುರಿಗೇ ಕಂಡರು. ಅಷ್ಟರಲ್ಲಿ 14 ಕೋಟಿಗೂ ಹೆಚ್ಚು ಜನರ ಜಾತಕ ಊರು ಬಿಟ್ಟಾಗಿತ್ತು.

2020ರಲ್ಲಿ ಆ ನಾಯಿಯನ್ನು ಮಾರಿದ ಫೈರ್‌ಐ ಕಂಪನಿಯ ಮನೆಗೇ ಕನ್ನ ಬಿತ್ತು. ಸೋಲಾರ್‌ವಿಂಡ್ಸ್ ಕಂಪನಿಯ ಸಾಫ್ಟ್‌ವೇರ್ ಅಪ್‌ಡೇಟಿನೊಳಗೆ ಅವಿತು ಕಳ್ಳರು ಸುಮಾರು 18,000 ಸಂಸ್ಥೆಗಳ ಬಾಗಿಲು ತಲುಪಿದ್ದರು. ಒಳಬಂದ ಕೋಡ್ ಎರಡು ವಾರದವರೆಗೂ ಸತ್ತಂತೆ ಬಿದ್ದಿದ್ದು, ಆಮೇಲೆ ಮೈಮುರಿದು ಏಳುತ್ತಿತ್ತು. ಫೈರ್‌ಐನಲ್ಲಿ ಅದರ ಜಾಡು ಹತ್ತಿದ್ದು ಹೇಗೆ ಗೊತ್ತೇ? ನೌಕರನೊಬ್ಬನ ಹೆಸರಿನಲ್ಲಿ ಎರಡನೇ ಫೋನ್ ನೋಂದಣಿಯಾಗಿತ್ತು. ಯಾರೋ ಪುಣ್ಯಾತ್ಮರು ಆತನಿಗೆ ಕರೆ ಮಾಡಿ, "ಈ ಫೋನ್ ನಿಮ್ಮದೇನ್ರೀ?" ಎಂದು ಕೇಳಿದರು. ಅಲ್ಲ ಅಂದ. ಕೊನೆಗೆ ಕೆಲಸ ಮಾಡಿದ್ದು ಒಂದು ಪ್ರಶ್ನೆ.

ಚಿತ್ರದುರ್ಗದ ಓಬವ್ವ ನೀರಿಗೆ ಹೋದಾಗ ಕೋಟೆಯ ಕಿಂಡಿಯಲ್ಲಿ ವೈರಿಯ ತಲೆ ಕಂಡಳು. "ಮಧ್ಯಮ ಆದ್ಯತೆ" ಎಂದು ಗುರುತು ಹಾಕಿ, ಮೇಲಿನವರಿಗೆ ಮೇಲ್ ಕಳಿಸಿ, ಉತ್ತರಕ್ಕೆ ಕಾಯುತ್ತ ಕೂತಿದ್ದರೆ ಇಂದು ನಾವು ಹೈದರಾಲಿಯ ಸೈನಿಕರ ಕಥೆ ಓದುತ್ತಿದ್ದೆವು. ಅವಳ ಕೈಗೆ ಸಿಕ್ಕಿದ್ದು ಒನಕೆ. ಎತ್ತಲು ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಆದ್ದರಿಂದ ಯಜಮಾನರೇ, ಕೃತಕ ಬುದ್ಧಿಮತ್ತೆಯ ಹೊಸ ತಳಿಯ ನಾಯಿಗೆ ಚೆಕ್ ಬರೆಯುವ ಮುನ್ನ ಒಂದು ಮಾತು ಹೇಳಿಬಿಡಿ: ರಾತ್ರಿ ಎರಡು ಗಂಟೆಗೆ ಅದು ಬೊಗಳಿದರೆ, ನಿಮ್ಮನ್ನು ಕೇಳದೆ ತಂತಿ ಕೀಳುವ ಅಧಿಕಾರ ಯಾರಿಗೆ ಕೊಟ್ಟಿದ್ದೀರಿ?