ಮೇಷ್ಟ್ರಿಗೆ ನಾಲ್ಕು ಸಂಘ, ಒಂದು ಸಂಸಾರ

ಯಾವ ಹೈಸ್ಕೂಲಿಗಾದರೂ ಹೋಗಿ, ಮುಖ್ಯೋಪಾಧ್ಯಾಯರ ಕೋಣೆಯ ಗೋಡೆ ನೋಡಿ. ಗಾಂಧಿ, ಅಂಬೇಡ್ಕರ್ ಪಟಗಳ ಕೆಳಗೆ ಬಣ್ಣದ ಅಕ್ಷರದ ಒಂದು ಹಲಗೆ ಇರುತ್ತದೆ. ಸಾಹಿತ್ಯ ಸಂಘ, ವಿಜ್ಞಾನ ಸಂಘ, ಗಣಿತ ಸಂಘ, ಇಕೋ ಕ್ಲಬ್, ಗ್ರಾಹಕರ ಕ್ಲಬ್, ಮತದಾರರ ಸಾಕ್ಷರತಾ ಕ್ಲಬ್, ರೆಡ್‌ಕ್ರಾಸ್ ಘಟಕ, ಸ್ಕೌಟ್ಸ್ ಮತ್ತು ಗೈಡ್ಸ್, ಸೇವಾದಳ. ಎದುರಿಗೆ ಸಂಚಾಲಕರ ಹೆಸರು. ಮೇಲಿನಿಂದ ಓದುತ್ತ ಇಳಿದರೆ ಮೂರು ಮತ್ತೊಂದು ಹೆಸರೇ ಸರದಿಯ ಮೇಲೆ ಬರುತ್ತಿರುತ್ತವೆ. ನಮ್ಮ ಯಜಮಾನರ ಶಾಲೆಯ ಹಲಗೆಯಲ್ಲಿ ಅವರದೇ ನಾಲ್ಕು ಸಲ ಇದೆ. ಪಾಠ ಮಾಡುವುದು ವಿಜ್ಞಾನ. ಆದರೂ ಗ್ರಾಹಕರ ಕ್ಲಬ್ಬಿಗೂ ಅವರೇ ಸಂಚಾಲಕರು. ಅಂಗಡಿಯಲ್ಲಿ ಕೊಳೆತ ಟೊಮೇಟೊ ಕೊಟ್ಟರೂ ಮಾತಾಡದೆ ಹೊತ್ತು ತರುವ ಮನುಷ್ಯ, ಮಕ್ಕಳಿಗೆ ಗ್ರಾಹಕರ ಹಕ್ಕು ಹೇಳಿಕೊಡುತ್ತಾರೆ!

ಈ ಸಂಘಗಳೆಲ್ಲ ವರ್ಷವಿಡೀ ಏನು ಮಾಡುತ್ತವೆ ಅಂತ ನಾನೂ ಕೇಳಿದ್ದೇನೆ. ಉದ್ಘಾಟನೆ ಮಾಡಿಸಿಕೊಳ್ಳುತ್ತವೆ. ಒಂದೊಂದಕ್ಕೂ ಬೇರೆ ಬೇರೆ ಉದ್ಘಾಟನೆ ಮಾಡಲು ಯಾರಿಗೆ ಪುರುಸೊತ್ತು? ಹಾಗಾಗಿ 'ವಿವಿಧ ಸಂಘಗಳ ಉದ್ಘಾಟನಾ ಸಮಾರಂಭ' ಅಂತ ಒಂದೇ ಬ್ಯಾನರು. ಅದರಲ್ಲಿ ಇಸವಿ ಇರಬೇಕಾದ ಜಾಗ ಮಾತ್ರ ಖಾಲಿ. ಆಯಾ ವರ್ಷ ಬಿಳಿ ಹಾಳೆಯಲ್ಲಿ ಬರೆದು ಅಂಟಿಸಿದರಾಯಿತು. ಪ್ರಾರ್ಥನೆ, ಸ್ವಾಗತ, ದೀಪ ಹಚ್ಚುವುದು, ಅದು ಗಾಳಿಗೆ ಆರುವುದು, ಮತ್ತೆ ಹಚ್ಚುವುದು, ಪ್ರಾಸ್ತಾವಿಕ ನುಡಿ, ಅತಿಥಿಗಳ ನಾಲ್ಕು ಮಾತು. ನಾಲ್ಕು ಮಾತು ಮುಗಿಯುವಷ್ಟರಲ್ಲಿ ಎರಡು ಪೀರಿಯಡ್ಡು ಹೋಗಿರುತ್ತದೆ. ಮಕ್ಕಳಿಗೆ ಅದೇ ಲಾಭ, ಗಣಿತ ತಪ್ಪಿತಲ್ಲ! ಫೋಟೋ ತೆಗೆದು, ಗ್ರೂಪಿಗೆ ಹಾಕಿ, ವರದಿ ಬರೆದು ಫೈಲಿಗೆ ಸೇರಿಸಿದರೆ ಸಂಘಗಳು ಮುಂದಿನ ಜೂನ್‌ವರೆಗೆ ನೆಮ್ಮದಿಯಾಗಿ ಮಲಗುತ್ತವೆ.

"ಬಸವನಗುಡಿ ನ್ಯಾಷನಲ್ ಕಾಲೇಜಿನಲ್ಲಿ ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿದರಂತೆ. ಬುಧವಾರ ಬಂತೆಂದರೆ ಉಪನ್ಯಾಸ, ಅದೂ ವರ್ಷಗಟ್ಟಲೆ. ನಿಮ್ಮ ವಿಜ್ಞಾನ ಸಂಘ ಎರಡನೇ ಸಲ ಸೇರಿದ್ದು ಯಾವಾಗ?" ಅಂತ ಒಮ್ಮೆ ಚುಚ್ಚಿದೆ. ಯಜಮಾನರು ಪತ್ರಿಕೆಯಿಂದ ತಲೆ ಎತ್ತಲೇ ಇಲ್ಲ. "ಎಚ್ಚೆನ್ ಅವರಿಗೆ ಮದುವೆ ಆಗಿರಲಿಲ್ಲ" ಅಂದರು.

ಹಾಗಂತ ವಿಜ್ಞಾನ ಸಂಘ ಪೂರ್ತಿ ಮಲಗಿದೆ ಅನ್ನುವಂತಿಲ್ಲ. ಇನ್‌ಸ್ಪೈರ್ ಅವಾರ್ಡ್ ಅಂತ ಒಂದಿದೆ, ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯದು. ಮಕ್ಕಳ ಸ್ವಂತ ಹೊಸ ಆಲೋಚನೆಗಳನ್ನು ಶಾಲೆಯಿಂದ ಕಳಿಸಬೇಕು. ಆಯ್ಕೆಯಾದರೆ ಮಾದರಿ ಮಾಡಲು ಮಗುವಿನ ಖಾತೆಗೆ 10,000 ರೂಪಾಯಿ ಬರುತ್ತದೆ. ಹೊಸ ಆಲೋಚನೆ ಬೇಕು ಅಂದ ತಕ್ಷಣ ಇಡೀ ತಾಲ್ಲೂಕಿನ ಮಕ್ಕಳು ಒಂದೇ ಯೂಟ್ಯೂಬ್ ವಿಡಿಯೋ ನೋಡುತ್ತಾರೆ. ಟ್ಯಾಂಕು ತುಂಬಿದರೆ ಕೂಗುವ ಅಲಾರಂ, ಕೈ ಚಾಚಿದರೆ ಬಾಯಿ ತೆರೆಯುವ ಕಸದ ಬುಟ್ಟಿ, ಅಂಧರಿಗೆ ಸೆನ್ಸರ್ ಇರುವ ಕೋಲು, ಮಳೆ ಬಂದರೆ ತಾನಾಗಿಯೇ ಒಳಗೆ ಸರಿಯುವ ಬಟ್ಟೆ ಹಗ್ಗ. ಕೊನೆಯದರ ಮಾದರಿ ತಯಾರಾದದ್ದು ನಮ್ಮ ಮನೆ ಹಾಲಿನಲ್ಲಿ. ಥರ್ಮೊಕೋಲ್ ಚೂರು ಇವತ್ತಿಗೂ ಸೋಫಾದ ಸಂದಿಯಲ್ಲಿ ಸಿಗುತ್ತಿದೆ. ಭಾನುವಾರ ಮಧ್ಯಾಹ್ನ ಮೇಷ್ಟ್ರು, ಇಬ್ಬರು ಹುಡುಗರು, ಒಂದು ಆಟಿಕೆ ಮೋಟಾರು. ಸೆನ್ಸರಿನ ಮೇಲೆ ಇಂಕ್ ಫಿಲ್ಲರಿನಲ್ಲಿ ನೀರು ಬಿಡುವುದು, ಗೊಂಬೆಯ ಅಂಗಿಗಳು ಕಿರ್ರ್ ಅಂತ ಒಳಗೆ ಬರುವುದು, ಮೂವರೂ ಚಪ್ಪಾಳೆ ತಟ್ಟುವುದು. ಅಷ್ಟರಲ್ಲಿ ತಾರಸಿಯ ಮೇಲೆ ನಿಜವಾದ ಮಳೆ ಹೊಯ್ದು ನಿಂತಿತ್ತು. ನಾನು ಅಡುಗೆಮನೆಯಿಂದ ಓಡಿ ಹೋಗಿ ನೋಡಿದರೆ ಬೆಡ್‌ಶೀಟು, ಸೀರೆ, ಮೇಷ್ಟ್ರ ಪಂಚೆ ಎಲ್ಲ ತೊಪ್ಪೆ. ಮಾದರಿಗೆ ಜಿಲ್ಲಾ ಮಟ್ಟದಲ್ಲಿ ಮೆಚ್ಚುಗೆ ಸಿಕ್ಕಿತು ಅನ್ನಿ.

ಪಕ್ಕದ ಊರಿನ ಶಾಲೆಗೆ ಅಟಲ್ ಟಿಂಕರಿಂಗ್ ಲ್ಯಾಬೇ ಬಂದಿದೆ. ನೀತಿ ಆಯೋಗದ ಯೋಜನೆ, 20 ಲಕ್ಷ ರೂಪಾಯಿವರೆಗೆ ಅನುದಾನ, ತ್ರೀಡಿ ಪ್ರಿಂಟರು ಬೇರೆ. ಪ್ರಿಂಟರಿಗೆ ಒಳ್ಳೆ ಪ್ಲಾಸ್ಟಿಕ್ ಕವರ್ ಹೊದಿಸಿ, ಕೋಣೆಗೆ ಬೀಗ ಜಡಿದು, ಬೀಗದ ಕೈಯನ್ನು ಬೀರುವಿನಲ್ಲಿಟ್ಟು, ಬೀರುವಿಗೂ ಬೀಗ ಹಾಕಿದ್ದಾರೆ. ಮಕ್ಕಳು ಮುಟ್ಟಿ ಕೆಟ್ಟುಹೋದರೆ ಉತ್ತರ ಕೊಡಬೇಕಾದವರು ಯಾರು? ಮುಟ್ಟದೆ ಕೆಟ್ಟರೆ ಯಾರೂ ಕೇಳುವುದಿಲ್ಲ.

ಇನ್ನು ಪ್ರತಿಭಾ ಕಾರಂಜಿ. ಇದು ಬಂತೆಂದರೆ ಶಾಲೆಯಲ್ಲಿ ಪಾಠ ನಿಲ್ಲುತ್ತದೆ, ಮನೆಯಲ್ಲಿ ನನ್ನ ಸೀರೆ ಬೀರುವಿನಿಂದ ಇಳಿಯುತ್ತದೆ. ಜಾನಪದ ನೃತ್ಯಕ್ಕೆ ಹೋದ ಇಳಕಲ್ ಸೀರೆ ತಾಲ್ಲೂಕು ಮಟ್ಟದಲ್ಲಿ ಮೊದಲ ಬಹುಮಾನವನ್ನೂ ಕುಂಕುಮದ ಕಲೆಯನ್ನೂ ಒಟ್ಟಿಗೇ ತಂದಿತು. ಛದ್ಮವೇಷದಲ್ಲಿ ಸಾಲಾಗಿ ಓಬವ್ವಂದಿರು, ಕೈಯಲ್ಲಿ ಒನಕೆಯ ಬದಲು ಕಂದು ಕಾಗದ ಸುತ್ತಿದ ಕ್ರಿಕೆಟ್ ವಿಕೆಟ್ಟು. ಒನಕೆ ಈಗ ಯಾರ ಮನೆಯಲ್ಲಿದೆ ಹೇಳಿ? ಆಶುಭಾಷಣ ಇನ್ನೂ ಚೆನ್ನ. ಚೀಟಿ ಎತ್ತಿದ ಮೇಲೆ ವಿಷಯ ತಿಳಿಯಬೇಕು. ನಮ್ಮ ಹುಡುಗ ಬಾಯಿಪಾಠ ಮಾಡಿದ್ದು 'ಮೊಬೈಲಿನ ದುಷ್ಪರಿಣಾಮಗಳು'. ಚೀಟಿಯಲ್ಲಿ ಬಂದದ್ದು 'ಮಳೆಗಾಲ'. ಅವನು ಕಂಗಾಲಾಗಲಿಲ್ಲ. "ಮಳೆಗಾಲದಲ್ಲಿ ಮಕ್ಕಳು ಹೊರಗೆ ಆಡಲಾಗದೆ ಮೊಬೈಲ್ ಹಿಡಿಯುತ್ತಾರೆ. ಈ ಮೊಬೈಲಿನ ದುಷ್ಪರಿಣಾಮಗಳು ಹಲವಾರು" ಅಂತ ಸಲೀಸಾಗಿ ಶುರು ಹಚ್ಚಿಕೊಂಡ. ನಾನು ತೀರ್ಪುಗಾರ್ತಿ ಆಗಿದ್ದರೆ ಆ ಒಂದು ತಿರುವಿಗೇ ಬಹುಮಾನ ಕೊಡುತ್ತಿದ್ದೆ.

ಆದರೆ ನನಗೆ ನಿಜವಾಗಿ ಇಷ್ಟವಾದದ್ದು ಕವಾಲಿ. ಸ್ಪರ್ಧೆಯ ಪಟ್ಟಿಯಲ್ಲಿ ಅದೂ ಇದೆ. ನಮ್ಮದು ಅಡಿಕೆ ತೋಟದ ಸೀಮೆ; ಕವಾಲಿ ಅಂದರೇನು ಅಂತ ಒಬ್ಬ ಹುಡುಗನೂ ಅದುವರೆಗೆ ಕೇಳಿದವನಲ್ಲ. ಆದರೂ ಪಟ್ಟಿಯಲ್ಲಿ ಇದ್ದ ಮೇಲೆ ಹೆಸರು ಕೊಡದೆ ಬಿಡುತ್ತಾರೆಯೇ? ಸಂಜೆ ಶಾಲೆಗೆ ಬೀಗ ಬೀಳುವುದರಿಂದ ತಾಲೀಮು ನಮ್ಮ ಮನೆಯಲ್ಲಿ. ಆರು ಹುಡುಗರು ಮಂಡಿಯೂರಿ ಎರಡು ಸಾಲು. ಮುಖ್ಯ ಗಾಯಕ ಕೊನೇ ಬೆಂಚಿನವನು, ತರಗತಿಯಲ್ಲಿ ಎದ್ದು ನಿಲ್ಲಿಸಿದರೆ ಬಾಯಿ ಬಿಡದವನು. ಇಲ್ಲಿ ಕೈ ಮೇಲೆತ್ತಿ ಕಣ್ಣು ಮುಚ್ಚಿ ಆಲಾಪ ಎಳೆದನೆಂದರೆ ನನ್ನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಚಪ್ಪಾಳೆಯದೇ ತೊಂದರೆ; ಐವರೂ ಐದು ಕಾಲಕ್ಕೆ ತಟ್ಟುತ್ತಿದ್ದರು. ಪಕ್ಕದ ಮನೆಯ ಅಜ್ಜಿ ಗದ್ದಲ ಕೇಳಿ ಬಂದರು. "ಏನಮ್ಮಾ, ಭಜನೆಯಾ?" ಅಂದವರು ಉತ್ತರಕ್ಕೂ ಕಾಯದೆ ಮನೆಗೆ ಹೋಗಿ ತಾಳ ತಂದು ಹುಡುಗರ ನಡುವೆ ಕೂತುಬಿಟ್ಟರು. ಎರಡೇ ಸಂಜೆ. ಚಪ್ಪಾಳೆ ಒಂದಾಯಿತು. ಈ ಸಂಘಕ್ಕೆ ಸಂಚಾಲಕರಿಲ್ಲ, ಹಲಗೆಯಲ್ಲಿ ಹೆಸರಿಲ್ಲ. ಸ್ಪರ್ಧೆ ಮುಗಿದ ಮೇಲೂ ಹುಡುಗರು ಬರುತ್ತಿದ್ದಾರೆ. ಅಜ್ಜಿಗೆ ಕವಾಲಿ, ಹುಡುಗರಿಗೆ ಕೋಡುಬಳೆ.

ಬಹುಮಾನ ಬಂತೇ ಅಂತ ಕೇಳುತ್ತೀರಿ. ಎರಡನೆಯದು. ಕೇರಳದಲ್ಲಿ 1957ರಿಂದ ಶಾಲಾ ಕಲೋತ್ಸವ ನಡೆಯುತ್ತಿದೆ, ಅಲ್ಲಿ ತೀರ್ಪು ಒಪ್ಪಿಗೆಯಾಗದಿದ್ದರೆ ಮೇಲ್ಮನವಿ ಹಾಕುವ ಕ್ರಮವೇ ಇದೆ. ನಮ್ಮಲ್ಲೂ ಮೇಲ್ಮನವಿ ಉಂಟು. ಅದನ್ನು ತಾಯಂದಿರು ಹಾಕುತ್ತಾರೆ, ವಿಚಾರಣೆ ಬಸ್‌ಸ್ಟ್ಯಾಂಡಿನಲ್ಲಿ ನಡೆಯುತ್ತದೆ, ತೀರ್ಪುಗಾರರು ಸಿಗುವುದಿಲ್ಲವಾದ್ದರಿಂದ ಜೊತೆಗೆ ಹೋದ ಮೇಷ್ಟ್ರೇ ಕಟಕಟೆಯಲ್ಲಿ ನಿಲ್ಲಬೇಕು.

ಸ್ಕೌಟ್ಸ್ ಬಗ್ಗೆ ಹೆಚ್ಚು ತಕರಾರಿಲ್ಲ. ಭಾರತದ ಮೊದಲ ದಳ ಶುರುವಾದದ್ದೇ ನಮ್ಮ ಬೆಂಗಳೂರಿನಲ್ಲಿ, 1909ರಲ್ಲಿ, ಕ್ಯಾಪ್ಟನ್ ಬೇಕರ್ ಅನ್ನುವವರಿಂದ. ಗಂಟು ಹಾಕುವುದು, ಗುಡಾರ ಕಟ್ಟುವುದು, ಒಲೆ ಹೂಡುವುದು, ಕೈಗೆ ಕೆಲಸವಿದೆ. ಕೈ ಕುಲುಕುವುದು ಮಾತ್ರ ಎಡಗೈಯಲ್ಲಿ. ನನ್ನ ಮೈದುನನ ಮಗ ಸ್ಕಾರ್ಫ್ ಕಟ್ಟಿಕೊಂಡು ಬಂದು ನಮ್ಮ ಅತ್ತೆಗೆ ಎಡಗೈ ಚಾಚಿದ. ಅತ್ತೆ ಕೊಟ್ಟದ್ದು ಬಲಗೈ, ಅದೂ ಬೆನ್ನಿಗೆ.

ಎಲ್ಲಕ್ಕಿಂತ ರಂಗಾದದ್ದು ಶಾಲಾ ಸಂಸತ್ತು. ನಾಮಪತ್ರ, ಚಿಹ್ನೆ, ಪ್ರಚಾರ, ಬೆರಳಿಗೆ ಶಾಯಿ, ಮೊಬೈಲ್ ಆ್ಯಪಿನಲ್ಲಿ ಮತಯಂತ್ರ. ಮತದಾನದ ಹಿಂದಿನ ದಿನ ಚಾಕಲೇಟು ಹಂಚಿಕೆಯೂ ಆಗುತ್ತದಂತೆ. ಅದನ್ನು ಯಾರೂ ಹೇಳಿಕೊಟ್ಟಿಲ್ಲ. ಆಮೇಲೆ ಖಾತೆ ಹಂಚಿಕೆ. ಸ್ವಚ್ಛತಾ ಮಂತ್ರಿ, ನೀರಾವರಿ ಮಂತ್ರಿ, ಕ್ರೀಡಾ ಮಂತ್ರಿ, ವಾರ್ತಾ ಮಂತ್ರಿ ಎಲ್ಲ ಉಂಟು. ಹಣಕಾಸು ಖಾತೆಯನ್ನು ಮುಖ್ಯೋಪಾಧ್ಯಾಯರು ತಮ್ಮಲ್ಲೇ ಇಟ್ಟುಕೊಂಡಿದ್ದಾರೆ. ವಿರೋಧ ಪಕ್ಷದ ನಾಯಕ ಆಗಲು ಯಾರೂ ಮುಂದೆ ಬರುವುದಿಲ್ಲ. ಸೋತವನನ್ನು ಹಿಡಿದು ಕೂರಿಸುತ್ತಾರೆ.

ಈ ಸಂಪುಟದಲ್ಲಿ ನಿಜವಾಗಿ ಬೆವರು ಹರಿಸುವುದು ಆಹಾರ ಮಂತ್ರಿ. ಈ ಸಲ ಆ ಖಾತೆ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿಯದು. ಬಿಸಿಯೂಟದ ಜೊತೆ ಮೊಟ್ಟೆ, ಬೇಡದವರಿಗೆ ಬಾಳೆಹಣ್ಣು. ವಾರಕ್ಕೆ ಎರಡು ದಿನ ಇದ್ದದ್ದು 2024ರಿಂದ ಆರು ದಿನವಾಗಿದೆ. ದಿನಾ ಪ್ರಾರ್ಥನೆ ಮುಗಿದ ಕೂಡಲೇ ತರಗತಿ ತರಗತಿಗೆ ಹೋಗಿ ಮೊಟ್ಟೆ ಎಷ್ಟು, ಹಣ್ಣು ಎಷ್ಟು ಅಂತ ಎಣಿಸಿ ಅಡುಗೆಯವರಿಗೆ ಚೀಟಿ ಕೊಡುವುದು ಅವಳ ಕೆಲಸ. ಬೆಳಿಗ್ಗೆ ಬಾಳೆಹಣ್ಣು ಅಂದವರಿಗೆ ಮಧ್ಯಾಹ್ನ ಬೇಯಿಸಿದ ಮೊಟ್ಟೆಯ ವಾಸನೆ ಬಂತೆಂದರೆ ಮನಸ್ಸು ಬದಲಾಗುತ್ತದೆ. ಶನಿವಾರ ಮನೆಯಲ್ಲಿ ಬೇಡ ಅಂದಿದ್ದಾರೆ ಎಂದವರೂ ಮೆಲ್ಲನೆ ಮೊಟ್ಟೆ ಸಾಲಿಗೆ ಜಾರುತ್ತಾರೆ. ದೊಡ್ಡ ಸಂಸತ್ತಿನವರು ಪಕ್ಷಾಂತರ ನಿಷೇಧಕ್ಕೆ 1985ರಲ್ಲೇ ಕಾಯ್ದೆ ಮಾಡಿಯೂ ಹಿಡಿತಕ್ಕೆ ತರಲಾಗದ ಕಾಯಿಲೆ ಇದು. ಈ ಹುಡುಗಿ ಕಾಯ್ದೆ ಗೀಯ್ದೆ ಅಂತ ಕೂರಲಿಲ್ಲ. ಮೊನ್ನೆ ಕ್ರೀಡಾ ಮಂತ್ರಿಯೇ ಬಾಳೆಹಣ್ಣಿನ ಪಟ್ಟಿಯಲ್ಲಿದ್ದೂ ಮೊಟ್ಟೆ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದನಂತೆ. ಅವಳು ಚೀಟಿ ತೆಗೆದು, ಹೆಸರಿನ ಮೇಲೆ ಬೆರಳಿಟ್ಟು, ಅಡುಗೆಯವರಿಂದ ಹಿಡಿದು ನಮ್ಮ ಯಜಮಾನರವರೆಗೆ ಎಲ್ಲರಿಗೂ ಕೇಳುವ ಹಾಗೆ ಹೇಳಿದಳಂತೆ: "ನಾಮಪತ್ರ ವಾಪಸ್ ತಗೊಳ್ಳೋ ಟೈಮು ಹತ್ತೂವರೆಗೇ ಮುಗೀತು ಕಣೋ. ಹಣ್ಣು ತಗೊಂಡು ಮುಂದೆ ಹೋಗು."