ಕೊಳ್ಳದ ಕಾರುಗಳನ್ನು ಹೋಲಿಸುವ ಕೈಪಿಡಿ

ಈ ಕೈಪಿಡಿ ಮಸ್ಟಾಂಗನ್ನೋ ಪೋರ್ಶೆಯನ್ನೋ ಕೊಂಡವರಿಗಲ್ಲ. ಕೊಂಡವರು ಓಡಿಸಿಕೊಂಡು ಹೋಗಿಬಿಡುತ್ತಾರೆ, ಹೋಲಿಸಲು ಅವರಿಗೆ ಪುರುಸೊತ್ತೆಲ್ಲಿ? ಎರಡರಲ್ಲಿ ಒಂದನ್ನೂ ಕೊಳ್ಳದೆ, ಯಾವುದು ಮೇಲು ಎಂದು ರಾತ್ರಿ ಹನ್ನೊಂದರವರೆಗೂ ಗಂಟಲು ಹರಿದುಕೊಳ್ಳಬಲ್ಲವರು ಮಾತ್ರ ಮುಂದೆ ಓದಿ.

ಜೋಡಣೆ: ಆಗಸ್ಟ್ ತಿಂಗಳ ಮೂರನೆಯ ಶನಿವಾರ ಡೆಟ್ರಾಯಿಟ್ ಹೊರವಲಯದ ವುಡ್‌ವರ್ಡ್ ಅವೆನ್ಯೂ ಪಕ್ಕದಲ್ಲಿ ಮಡಚುವ ಕುರ್ಚಿ ಹಾಕಿ ಕೂರಿ. 1995ರಿಂದ ಅಲ್ಲಿ ಹಳೆಯ ಕಾರುಗಳ ಜಾತ್ರೆ ನಡೆಯುತ್ತಿದೆ. ತೇರು ಒಂದಲ್ಲ, ಸಾವಿರಾರು. ಒಂದು ಡಬ್ಬಿ ಪುಳಿಯೋಗರೆ ಇರಲಿ, ಜೊತೆಗೆ ನಿಮ್ಮ ಮಾತನ್ನು ಎಂದೂ ಒಪ್ಪದ ಭಾವ ಇರಲಿ. ಭಾವ ಇಲ್ಲದೆ ಈ ಯಂತ್ರ ಚಾಲೂ ಆಗುವುದಿಲ್ಲ. ಸ್ವಂತ ಭಾವ ಇಲ್ಲದಿದ್ದರೂ ಚಿಂತೆಯಿಲ್ಲ, ಅಲ್ಲಿನ ಕಾರು ಕಂಪನಿಗಳಲ್ಲಿ ದುಡಿಯುವ ಕನ್ನಡಿಗರಲ್ಲಿ ಯಾರಾದರೂ ಒಬ್ಬರು ಆ ಜಾಗ ತುಂಬುತ್ತಾರೆ.

ಹಂತ 1. ಮಾತು ಶುರು ಮಾಡಿ: "ಭಾವ, ಮಸಲ್ ಕಾರ್ ಅಂದ್ರೆ ಮಸ್ಟಾಂಗ್." ಭಾವ ತಕ್ಷಣ ತಿದ್ದುತ್ತಾರೆ: "ಅದು ಮಸಲ್ ಕಾರಲ್ಲಪ್ಪ, ಪೋನಿ ಕಾರು." ಯಂತ್ರ ಚಾಲೂ ಆಯಿತು. 1964ರಲ್ಲಿ 2,368 ಡಾಲರಿಗೆ ಮಾರಾಟಕ್ಕಿಳಿದ ಆ ಕಾರಿನ ಹೊಳೆಯುವ ಮೈಯೊಳಗೆ ಇದ್ದದ್ದು ಫೋರ್ಡ್ ಫಾಲ್ಕನ್ ಎಂಬ ಸಂಸಾರಸ್ಥ ಕಾರೇ ಎಂದು ಅವರು ಸೇರಿಸುತ್ತಾರೆ. ಸೇರಿಸಲಿ.

ಹಂತ 2. ಈಗ ಪೀಠಿಕೆ ಮುಗಿಸಿ ಮಸಲ್ ಕಾರಿನ ಮೂಲಪುರಾಣಕ್ಕೆ ಬನ್ನಿ. ಅದೇ 1964ರ ಮಾದರಿಯಲ್ಲಿ ಪಾಂಟಿಯಾಕ್ ಕಂಪನಿ ತನ್ನ ಸಾಧಾರಣ ಕಾರೊಂದಕ್ಕೆ 6.4 ಲೀಟರಿನ ವಿ8 ಎಂಜಿನ್ ಕೂರಿಸಿತು, ಸುಮಾರು 300 ಡಾಲರ್ ಹೆಚ್ಚಿಗೆ ಕೇಳಿತು, ಜಿಟಿಒ ಎಂದು ಹೆಸರಿಟ್ಟಿತು. ಹೆಸರು ಫೆರಾರಿಯವರದ್ದು. ಎತ್ತಿಕೊಂಡದ್ದು, ಕೇಳಿ ಪಡೆದದ್ದಲ್ಲ. 'ಕಾರ್ ಆ್ಯಂಡ್ ಡ್ರೈವರ್' ಪತ್ರಿಕೆ ಆ ವರ್ಷದ ಮಾರ್ಚ್ ಸಂಚಿಕೆಯ ಮುಖಪುಟದಲ್ಲಿ ಎರಡೂ ಜಿಟಿಒಗಳನ್ನು ಕಾದಾಟಕ್ಕಿಳಿಸಿ, ನೇರ ಓಟದಲ್ಲಿ ಪಾಂಟಿಯಾಕ್‌ನದೇ ಗೆಲುವು ಎಂದು ಬರೆಯಿತು. ಪರೀಕ್ಷೆಗೆ ಫೆರಾರಿ ಬಂದೇ ಇರಲಿಲ್ಲ! ಬಂದಿದ್ದ ಪಾಂಟಿಯಾಕಾದರೂ ಅಂಗಡಿಯಲ್ಲಿ ಸಿಗುವಂಥದ್ದೇ? ಅದರೊಳಗೆ ಗುಟ್ಟಾಗಿ 6.9 ಲೀಟರಿನ ಇನ್ನೂ ದೊಡ್ಡ ಎಂಜಿನ್ ಸೇರಿಸಲಾಗಿತ್ತೆಂದು ಪಾಂಟಿಯಾಕ್ ಜಾಹೀರಾತಿನ ಜಿಮ್ ವ್ಯಾಂಗರ್ಸ್ ಎಷ್ಟೋ ದಶಕಗಳ ಮೇಲೆ ಬಾಯಿಬಿಟ್ಟರು. ಅಗ್ಗದ ಕಾರು ದುಬಾರಿ ಕಾರನ್ನು ಸೋಲಿಸಲಿ ಎಂದು ಓದುಗರೂ ಬಯಸಿದ್ದರು, ಪತ್ರಿಕೆಯೂ ಬಯಸಿತ್ತು. ನಿಮ್ಮ ಹೋಲಿಕೆಯನ್ನೂ ಇದೇ ಕ್ರಮದಲ್ಲಿ ಮಾಡಿ: ಮೊದಲು ಗೆದ್ದವರನ್ನು ಆರಿಸಿ, ಆಮೇಲೆ ಅಳತೆಗೋಲು ಹುಡುಕಿ.

(ಭಾವ ಇಲ್ಲಿ ಕೆಮ್ಮಿ, 2018ರಲ್ಲಿ ಒಂದು ಫೆರಾರಿ 250 ಜಿಟಿಒ 4 ಕೋಟಿ 84 ಲಕ್ಷ ಡಾಲರಿಗೆ ಹರಾಜಾಯಿತು ಅನ್ನುತ್ತಾರೆ. ಕೇಳಿಸದವರಂತೆ ಪುಳಿಯೋಗರೆ ಬಡಿಸಿ.)

ಹಂತ 3. ಅಳತೆಗೋಲು. ಮಸಲ್ ಕಾರು ಗೆಲ್ಲಬೇಕಿದ್ದರೆ ರಸ್ತೆ ನೇರವಾಗಿರಲಿ, ಉದ್ದ ಕಾಲು ಮೈಲಿ, ಅಂದರೆ 402 ಮೀಟರ್ ಮೀರದಿರಲಿ. ಪೋರ್ಶೆ 911 ಗೆಲ್ಲಬೇಕಿದ್ದರೆ ಒಂದು ತಿರುವು ಹಾಕಿ. ಎದುರಾಳಿಯ ಪ್ರಶ್ನೆ ಸಿದ್ಧವಾಗಿರುತ್ತದೆ: "ಲಾರಿ ಥರ ಹಿಂದಿನ ಎರಡೂ ಚಕ್ರ ಒಂದೇ ಅಚ್ಚಿಗೆ ಬಿಗಿದಿದ್ರೆ ಮಸ್ಟಾಂಗ್ ತಿರುಗೋದಾದ್ರೂ ಹೇಗೆ?" 2015ರ ಮಾದರಿಯಿಂದ ಮಸ್ಟಾಂಗಿನ ಹಿಂಚಕ್ರಗಳು ಬೇರೆ ಬೇರೆಯಾಗಿಯೇ ಏರಿಳಿಯುತ್ತವೆ. ಇದನ್ನು ಹೇಳಿದರೂ ಪ್ರಯೋಜನವಿಲ್ಲ, ಭಾವ 2014ರಲ್ಲೇ ಇಳಿದುಕೊಂಡಿದ್ದಾರೆ.

ಬೆಲೆಯ ಮಾತು ಬಂದಾಗ ಮಸಲ್ ಕಾರಿನವರು ಒಂದು ಡಾಲರಿಗೆ ಎಷ್ಟು ಕುದುರೆಶಕ್ತಿ ಎಂದು ಭಾಗಿಸಬೇಕು. ಪೋರ್ಶೆ ಪಕ್ಷದವರು ಭಾಗಾಕಾರಕ್ಕೆ ಕೈ ಹಾಕಕೂಡದು. ಸೀಟುಬೆಲ್ಟಿಗೆ ಬೇರೆ ಬಣ್ಣ ಬೇಕೆಂದರೂ ಪ್ರತ್ಯೇಕವಾಗಿ ದುಡ್ಡು ತೆಗೆದುಕೊಳ್ಳುವ ಕಂಪನಿ ಅದು. ಮನೆ ಬಾಡಿಗೆಯ ಜೊತೆ ಕಿಟಕಿಗೂ ಬೇರೆ ಬಾಡಿಗೆ ಕೇಳಿದ ಹಾಗೆ.

ಎಚ್ಚರಿಕೆ: ಇದನ್ನು ಬೆಂಗಳೂರಿನಲ್ಲಿ ಬಳಸಬೇಡಿ. ಅಮೆರಿಕದಲ್ಲಿ ಸುಮಾರು 33 ಸಾವಿರ ಡಾಲರಿನಿಂದ ಶುರುವಾಗುತ್ತಿದ್ದ ಮಸ್ಟಾಂಗ್ ಜಿಟಿ 2016ರಲ್ಲಿ ಭಾರತಕ್ಕೆ ಬಂದಾಗ ಷೋರೂಮ್ ಬೆಲೆಯೇ 65 ಲಕ್ಷ ರೂಪಾಯಿ. ಅಷ್ಟು ದೊಡ್ಡ ಎಂಜಿನ್ನಿನ ಆಮದು ಕಾರಿಗೆ ಆಗ ಸುಂಕವೇ ನೂರಕ್ಕೆ ನೂರು. ಅದರ ಮೇಲೆ ನಮ್ಮ ರಾಜ್ಯದ ರಸ್ತೆ ತೆರಿಗೆ, ಅದರ ಮೇಲೆ ನಮ್ಮ ರಸ್ತೆ. ಬಡವರ ಸ್ಪೋರ್ಟ್ಸ್ ಕಾರು ಸಮುದ್ರ ದಾಟುವಷ್ಟರಲ್ಲಿ ಜಮೀನ್ದಾರನಾಗಿರುತ್ತದೆ.

ದೋಷ ಪರಿಹಾರ: "ಎರಡರಲ್ಲಿ ನೀವು ಯಾವುದನ್ನ ತಗೊಳ್ತೀರಿ, ಹೇಳಿ" ಎಂದು ಹೆಂಡತಿ ಕೇಳಿದರೆ ಯಂತ್ರ ತಟ್ಟನೆ ನಿಲ್ಲುತ್ತದೆ. ಗಾಬರಿ ಬೇಡ. ಕುರ್ಚಿ ಮಡಚಿ, ಎಲ್ಲರೂ ಮಿನಿವ್ಯಾನ್ ಹತ್ತಿ. ಕೆಂಪು ದೀಪದಲ್ಲಿ ಪಕ್ಕಕ್ಕೇ ಒಂದು ಹಳೆಯ ಮಸ್ಟಾಂಗ್ ಬಂದು ನಿಂತು ಗುರುಗುಟ್ಟಿದರೆ ಭಾವನವರ ಬಲಗಾಲು ತಾನಾಗಿ ಭಾರವಾಗುವ ಸಂಭವವಿದೆ. ದೀಪ ಹಸಿರಾಗುವ ಮುನ್ನ ಪುಳಿಯೋಗರೆ ಡಬ್ಬಿಯ ಮುಚ್ಚಳ ಬಿಗಿಯಾಗಿದೆಯೇ ನೋಡಿಕೊಳ್ಳಿ.